ನಿದ್ದೆಗೆಟ್ಟವರು, ನಿದ್ದೆ ಬಾರದವರು

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮ ಕನ್ನಡದ ಗಾದೆ. ‘ಆಕಲಿ ರುಚಿ ಎರುಗದು, ನಿದ್ರ ಸುಖಮೆರುಗದು’ ಎಂಬುದು ತೆಲುಗಿನ ಸಾಮೆತ. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂದು ಅದರ ತಾತ್ಪರ್ಯ. ಎರಡು ಭಾಷೆಗಳ ನಡುವೆ ಬದುಕುವ ಪರಿಗಿ, ಹಿಂದೂಪುರ ಕಡೆಯ ನಮಗೆ ಈ ಎರಡು ಗಾದೆಗಳೂ ನಾಲಗೆಯ ತುದಿಯಲ್ಲಿವೆ. ನಿದ್ದೆ ಮಾತ್ರ ಕಣ್ಣಿನ ಬಳಿ ಸುಳಿಯುವುದಿಲ್ಲವೆಂದು ಹೇಳುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನಾದವನಿಗೆ ಪಾಠ ಹೇಳುವುದರೊಂದಿಗೆ ಅರ್ಜಿ ಬರೆದುಕೊಡುವುದು, ಬ್ಯಾಂಕಿನ ಕಾಗದ ಓದಿ ಹೇಳುವುದು, ಔಷಧದ ಚೀಟಿಯ ಮೇಲಿನ ಇಂಗ್ಲಿಷನ್ನು ಬಿಡಿಸಿ ತಿಳಿಸುವುದು ಇವೂ ಸೇರಿಕೊಂಡ ಕರ್ತವ್ಯಗಳೇ. ಹೀಗೆ ಬಂದವರು ಕೆಲಸ ಮುಗಿದ ಮೇಲೆ ಒಂದು ನಿಮಿಷ ನಿಂತು, “ಮಿಕ್ಕಿದ್ದೆಲ್ಲ ಚೆನ್ನಾಗೈತೆ ಮೇಷ್ಟ್ರೇ, ನಿದ್ದೆ ಒಂದು ಇಲ್ಲ” ಎನ್ನುತ್ತಾರೆ. ಮಾತು ಒಂದೇ. ಆದರೆ ಸ್ವಲ್ಪ ಕೆದಕಿ ಕೇಳಿದರೆ ಅದರ ಹಿಂದೆ ಎರಡು ಬೇರೆ ಬೇರೆ ಸಂಕಟಗಳಿರುವುದು ಗೋಚರವಾಗುತ್ತದೆ. ಮಲಗಲು ರಾತ್ರಿಯೇ ದೊರೆಯದವರು ಕೆಲವರು, ಇವರು ನಿದ್ದೆಗೆಟ್ಟವರು. ರಾತ್ರಿ ಪೂರ್ತಿ ದೊರೆತು, ಹಾಸಿಗೆಯೂ ದೊರೆತು, ಕಣ್ಣು ಮುಚ್ಚಿದರೂ ನಿದ್ದೆ ಹತ್ತದವರು ಇನ್ನು ಕೆಲವರು. ಇವರು ನಿದ್ದೆ ಬಾರದವರು. ಒಬ್ಬರಿಗೆ ಹೇಳಬೇಕಾದ ಬುದ್ಧಿವಾದವನ್ನು ಮತ್ತೊಬ್ಬರಿಗೆ ಹೇಳಿದರೆ ಉಪಕಾರಕ್ಕೆ ಬದಲು ಅಪಕಾರವೇ ಆಗುತ್ತದೆ. ಪತ್ರಿಕೆಗಳಲ್ಲಿ ಬರುವ ಸಲಹೆಗಳು ಈ ಭೇದವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲವಾದ್ದರಿಂದ ಈ ಲೇಖನ.

ಮೊದಲು ನಿದ್ದೆಗೆಟ್ಟವರ ಮಾತು. ವಯಸ್ಕರಿಗೆ ದಿನಕ್ಕೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಗಳು 2015ರಲ್ಲಿ ಒಮ್ಮತದಿಂದ ಸಾರಿದವು. ನಮ್ಮ ಕಡೆ ರೇಷ್ಮೆ ಸಾಕುವ ಮನೆಗೆ ಹೋಗಿ ಈ ಮಾತು ಹೇಳಿದರೆ ನಕ್ಕಾರು. ಹುಳು ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದಿತೆಂದರೆ, ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಹತ್ತು, ಹನ್ನೊಂದಕ್ಕೆ ಒಮ್ಮೆ ಸೊಪ್ಪು, ನಸುಕಿನಲ್ಲಿ ಮತ್ತೊಮ್ಮೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಏರಿಸುವ ದಿನವಂತೂ ಮನೆಮಂದಿಗೆಲ್ಲ ಜಾಗರಣೆ. ಅದಾದ ಮೇಲೆ ಗೂಡು ಬಿಡಿಸಿ ಹಿಂದೂಪುರದ ಮಾರುಕಟ್ಟೆಗೆ ಬೆಳಗಾಗುವ ಮುನ್ನ ಸಾಗಿಸಬೇಕು. ಇಲ್ಲೊಂದು ಸೋಜಿಗವಿದೆ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಕಳಚಲು ತಲೆಯೆತ್ತಿ ನಿಶ್ಚಲವಾಗಿ ನಿಂತಾಗ, ಅದನ್ನು ಯಾರೂ ಮುಟ್ಟುವುದಿಲ್ಲ. ಸೊಪ್ಪು ನಿಲ್ಲಿಸುತ್ತಾರೆ, ಸುಣ್ಣದ ಪುಡಿ ಉದುರಿಸುತ್ತಾರೆ, ಗಾಳಿ ಬೆಳಕಿನ ಲೆಕ್ಕ ನೋಡುತ್ತಾರೆ. ಹುಳುವಿನ ವಿಶ್ರಾಂತಿಗೆ ಇಷ್ಟು ನಿಷ್ಠೆಯಿಂದ ಕಾವಲು ಕಾಯುವ ನಾವು ನಮ್ಮ ಮನೆಯ ಹೆಂಗಸಿನ ವಿಶ್ರಾಂತಿಯ ಲೆಕ್ಕವನ್ನು ಎಂದೂ ಇಟ್ಟವರಲ್ಲ. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವಳು ಅವಳೇ.

ರೇಷ್ಮೆಯಿಲ್ಲದ ಮನೆಗಳಲ್ಲಿ ಕಾರ್ಖಾನೆಯ ಪಾಳಿಯಿದೆ. ಹಿಂದೂಪುರದ ಬಳಿ ತೂಮುಕುಂಟದ ಕೈಗಾರಿಕಾ ಪ್ರದೇಶ ಹಳೆಯದು. ಪೆನುಕೊಂಡದ ಸಮೀಪ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳ ತಯಾರಿಕೆ ನಡೆದಿದೆ. ಹುಡುಗರಿಗೆ ಉದ್ಯೋಗ ದೊರೆತದ್ದು ಸಂತೋಷವೇ. ಆದರೆ ಮನುಷ್ಯನ ದೇಹದೊಳಗೆ ಹಗಲು ರಾತ್ರಿಗಳನ್ನು ಅಳೆಯುವ ಒಂದು ಗಡಿಯಾರವಿದೆಯೆಂಬುದು ಕವಿಕಲ್ಪನೆಯಲ್ಲ. ಜೀವಕೋಶದೊಳಗೆ ಆ ಗಡಿಯಾರ ನಡೆಯುವ ಬಗೆಯನ್ನು ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಆ ಗಡಿಯಾರ ‘ಏಳು’ ಎನ್ನುತ್ತದೆ. ರಾತ್ರಿ ಪಾಳಿ ಮುಗಿಸಿ ಆ ಬಿಸಿಲಿನಲ್ಲೇ ಮನೆಗೆ ಬಂದವನು, ಏಳೆನ್ನುವ ಗಂಟೆ ಬಾರಿಸುತ್ತಿರುವಾಗಲೇ ಮಲಗಬೇಕಾಗುತ್ತದೆ. ಆದಕಾರಣ ಅವನ ಹಗಲುನಿದ್ದೆ ಕುಂಟುನಿದ್ದೆ. ಬರುವಾಗ ಕಪ್ಪು ಕನ್ನಡಕ ಧರಿಸುವುದು, ಕಿಟಕಿಗೆ ದಪ್ಪ ಬಟ್ಟೆಯನ್ನೋ ಗೋಣಿತಾಟನ್ನೋ ಕಟ್ಟುವುದು, ಅವನು ಮಲಗಿದ ಹೊತ್ತಿನಲ್ಲಿ ಮನೆಯವರು ಟೀವಿ ನಿಲ್ಲಿಸುವುದು, ಇಷ್ಟಾದರೂ ಆಗಬೇಕು.

ಇಂತಹ ಬಡ ದುಡಿಮೆಗಾರರ ನಿದ್ದೆಯನ್ನು ಅಳೆದು ನೋಡಿದ ಒಂದು ಪ್ರಯೋಗ ನಮಗೆ ದೂರವಲ್ಲದ ಚೆನ್ನೈ ನಗರದಲ್ಲಿ ನಡೆಯಿತು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಲ್ಪವರಮಾನದ ಗಂಡಸರು ಹೆಂಗಸರ ಮುಂಗೈಗೆ ಚಲನೆಯನ್ನು ಗುರುತಿಸುವ ಯಂತ್ರವನ್ನು ಕಟ್ಟಿ ನೋಡಿದರು. ಹಾಸಿಗೆಯಲ್ಲಿ ಎಂಟು ಗಂಟೆ ಕಳೆದರೂ ಅವರು ನಿಜವಾಗಿ ಮಲಗುತ್ತಿದ್ದುದು ಸರಾಸರಿ ಐದೂವರೆ ಗಂಟೆ ಮಾತ್ರ. ಸೆಕೆ, ಸೊಳ್ಳೆ, ಬೀದಿಯ ಗದ್ದಲಗಳಲ್ಲಿ ಉಳಿದ ಎರಡೂವರೆ ಗಂಟೆ ಎಚ್ಚರದಲ್ಲೇ ಹೋಗುತ್ತಿತ್ತು. ಕಣ್ಣುಪಟ್ಟಿ, ಕಿವಿಗೆ ಬಿರಟೆ, ತಿಳಿವಳಿಕೆಯ ಮಾತು ಇವೆಲ್ಲ ಕೊಟ್ಟು ರಾತ್ರಿಯ ನಿದ್ದೆಯನ್ನು 27 ನಿಮಿಷ ಹೆಚ್ಚಿಸಿದರು. ವಿದ್ವಾಂಸರ ನಿರೀಕ್ಷೆಗೆ ವ್ಯತಿರಿಕ್ತವಾಗಿ, ಅದರಿಂದ ಕೆಲಸದಲ್ಲಾಗಲಿ ಮನಸ್ಸಿನ ನೆಮ್ಮದಿಯಲ್ಲಾಗಲಿ ಕಾಣುವಂಥ ಸುಧಾರಣೆ ಏನೂ ಆಗಲಿಲ್ಲ. ಆದರೆ ಮಧ್ಯಾಹ್ನ ಕೆಲಸದ ಸ್ಥಳದಲ್ಲೇ ಸುಮಾರು ಅರ್ಧ ಗಂಟೆ ಮಲಗಲು ಬಿಟ್ಟಾಗ ಕೆಲಸದ ಚುರುಕೂ ಮನಸ್ಸಿನ ಸಮಾಧಾನವೂ ಹೆಚ್ಚಿದವು. ಊಟವಾದ ಮೇಲೆ ಹುಣಸೆಮರದ ನೆರಳಿನಲ್ಲಿ ಟವೆಲ್ ಹಾಸಿ ಉರುಳಿಕೊಳ್ಳುತ್ತಿದ್ದ ನಮ್ಮ ಹಿರಿಯರನ್ನು ಸೋಮಾರಿಗಳೆಂದು ಹಂಗಿಸುವವರು ಇದನ್ನು ಗಮನಿಸಬೇಕು. ನಿದ್ದೆಗೆಟ್ಟವರಿಗೆ ಈ ಜೊಂಪು ಅಮೃತ. ಆದರೆ ಎರಡನೆಯ ಗುಂಪಿನವರಿಗೆ ಇದೇ ವಿಷವಾದೀತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಒಂದು ಸಂಕಟ ಮತ್ತೊಂದಾಗಿ ಮಾರ್ಪಡುವ ಬಗೆ ವಿಚಿತ್ರವಾದುದು. ಆಂಧ್ರಪ್ರದೇಶದಲ್ಲಿ 2004ರಲ್ಲಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಬಂದಿತು. ಕರೆಂಟು ಉಚಿತವಾದರೂ ಅದು ಬರುವ ಹೊತ್ತು ನಮ್ಮ ಕೈಯಲ್ಲಿರಲಿಲ್ಲ. ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ. ಬ್ಯಾಟರಿ ಹಿಡಿದು, ಹಾವು ಚೇಳುಗಳಿಗೆ ಹೆದರುತ್ತ, ನಡುರಾತ್ರಿ ಬೋರಿನ ಬಳಿಗೆ ಹೋಗಿ ಮೋಟರ್ ಹಾಕಿ, ನೆಲಗಡಲೆಗೋ ಹಿಪ್ಪುನೇರಳೆಗೋ ನೀರು ತಿರುವಿ ಬರುವುದು ಒಂದು ತಲೆಮಾರಿನ ರೈತರ ಬಾಳಾಯಿತು. 2019ರ ನಂತರ ಹಗಲಿನಲ್ಲೇ ಒಂಬತ್ತು ಗಂಟೆ ಕೊಡುವ ಏರ್ಪಾಡು ಬಂದಿತು. ಇನ್ನಾದರೂ ರೈತ ನೆಮ್ಮದಿಯಾಗಿ ಮಲಗಬೇಕಲ್ಲವೇ? ನಮ್ಮ ಊರಿನ ಕಡೆಯ ಹಿರಿಯ ರೈತರೊಬ್ಬರು ಹೇಳಿದ್ದನ್ನು ಕೇಳಿ.

“ರಾತ್ರಿ ಕರೆಂಟು ನಿಂತು ವರ್ಷಗಳೇ ಆದ್ವು ಮೇಷ್ಟ್ರೇ. ಆದ್ರೂ ಒಂದು ಗಂಟೆಗೆ ಸರಿಯಾಗಿ ಕಣ್ಣು ಬಿಡ್ತೀನಿ.”

“ಎದ್ದು ಏನು ಮಾಡುತ್ತೀರಿ ಯಜಮಾನರೇ?”

“ಏನು ಮಾಡೋದು? ಗಡಿಯಾರ ನೋಡ್ತೀನಿ, ಒಂದಾಗಿರ್ತೈತೆ. ನಿದ್ದೆ ಬರ್ಲಿ ಅಂತ ಕಾಯ್ತಾ ಬಿದ್ಕೊಂಡಿರ್ತೀನಿ. ಕಾದಷ್ಟೂ ಬರಲ್ಲ. ಅದಕ್ಕೇ ಈಗ ಎಂಟು ಗಂಟೆಗೇ ಮಲಗಿಬಿಡ್ತೀನಿ.”

ಅವರ ಈ ನಾಲ್ಕು ಮಾತುಗಳಲ್ಲಿ ಆಧುನಿಕ ನಿದ್ರಾಶಾಸ್ತ್ರದ ಒಂದು ದೊಡ್ಡ ಪಾಠವೇ ಅಡಗಿದೆ. ಆರ್ಥರ್ ಸ್ಪೀಲ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಿದ್ರಾಹೀನತೆಗೆ ಮೂರು ಬಗೆಯ ಕಾರಣಗಳನ್ನು ಹೇಳಿದರು. ಹುಟ್ಟಿನಿಂದ ಬಂದ ಸ್ವಭಾವ ಒಂದು. ನಿದ್ದೆಯನ್ನು ಮೊದಲ ಸಲ ಕೆಡಿಸಿದ ಘಟನೆ ಎರಡನೆಯದು. ಕೆಟ್ಟ ನಿದ್ದೆಯನ್ನು ಸರಿಪಡಿಸಲೆಂದು ನಾವೇ ಕೈಗೊಳ್ಳುವ ಉಪಾಯಗಳು ಮೂರನೆಯದು. ಸಾವು, ಸಾಲ, ಮಗಳ ಮದುವೆ, ರಾತ್ರಿ ಕರೆಂಟು ಇವೆಲ್ಲ ಬಂದು ಹೋಗುತ್ತವೆ. ಬೇಗ ಮಲಗುವುದು, ತಡವಾಗಿ ಏಳುವುದು, ಮಧ್ಯಾಹ್ನ ಎರಡು ಗಂಟೆ ಮಲಗಿ ರಾತ್ರಿಯ ನಷ್ಟ ತುಂಬಿಕೊಳ್ಳುವುದು, ಎಚ್ಚರವಾಗಿಯೇ ಹಾಸಿಗೆಯಲ್ಲಿ ಕಾಯುವುದು, ಇವು ಉಳಿದುಬಿಡುತ್ತವೆ. ಬೆಂಕಿ ಹಚ್ಚಿದವನು ಹೊರಟುಹೋದ ಮೇಲೂ ಸೌದೆ ಹಾಕುವವರು ನಾವೇ ಆಗುತ್ತೇವೆ.

ಶಿಕ್ಷಕರ ತರಬೇತಿ ಪಡೆದವರಿಗೆ ಪಾವ್ಲೋವನ ನಾಯಿ ಮರೆತಿರಲಾರದು. ಗಂಟೆಯ ಸದ್ದಿನೊಡನೆ ಆಹಾರ ಕೊಡುತ್ತ ಬಂದರೆ, ಕೆಲವು ದಿನಗಳ ಮೇಲೆ ಬರಿಯ ಗಂಟೆಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಹಾಸಿಗೆಯೂ ಒಂದು ಗಂಟೆಯೇ. ಅದರ ಮೇಲೆ ಮಲಗಿ ನಿದ್ದೆ ಹೋಗುತ್ತ ಬಂದವನಿಗೆ ಹಾಸಿಗೆ ಕಂಡರೆ ಆಕಳಿಕೆ ಬರುತ್ತದೆ. ಅದರ ಮೇಲೆ ಹೊರಳಾಡುತ್ತ, ಸಾಲದ ಲೆಕ್ಕ ಹಾಕುತ್ತ, ಫೋನಿನಲ್ಲಿ ವಿಡಿಯೋ ನೋಡುತ್ತ ಬಂದವನಿಗೆ ಹಾಸಿಗೆ ಕಂಡರೆ ಎಚ್ಚರ ಬರುತ್ತದೆ. ಜಗಲಿಯ ಮೇಲೆ ಕೂತು ತೂಕಡಿಸುವ ಅದೇ ವ್ಯಕ್ತಿ ಒಳಗೆ ಹೋಗಿ ಮಲಗಿದೊಡನೆ ಕಣ್ಣು ಬಿಡುವುದನ್ನು ಯಾರು ನೋಡಿಲ್ಲ? ರಿಚರ್ಡ್ ಬೂಟ್ಜಿನ್ ಎಂಬವರು 1972ರಲ್ಲಿ ಸೂಚಿಸಿದ ಚಿಕಿತ್ಸೆ ಈ ಗಂಟು ಬಿಡಿಸುವುದೇ ಆಗಿದೆ. ಕಣ್ಣು ಎಳೆಯುವ ತನಕ ಹಾಸಿಗೆಗೆ ಹೋಗಬಾರದು. ಹೋಗಿ ಕಾಲು ಗಂಟೆಯಷ್ಟಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ತೂಕಡಿಕೆ ಬಂದ ಮೇಲೆಯೇ ಮರಳಬೇಕು. ಹಾಗೆ ಎಷ್ಟು ಸಲವಾದರೂ ಸರಿ. ರಾತ್ರಿ ಹೇಗೆ ಕಳೆದಿದ್ದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಬೇಕು. ಹಗಲು ಮಲಗಬಾರದು. ಎದ್ದ ಹೊತ್ತಿನಿಂದ ಸಂಜೆಯವರೆಗೆ ಮೈಯಲ್ಲಿ ನಿದ್ದೆಯ ಹಸಿವು ಕೂಡುತ್ತ ಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆ ಮಲಗುವುದೆಂದರೆ ಊಟಕ್ಕೆ ಮುನ್ನ ಹೊಟ್ಟೆ ತುಂಬ ತಿಂಡಿ ತಿಂದಂತೆ.

ಬೇರೆ ಕೋಣೆ ಎಂದರೆ ನಮ್ಮ ಒಂದಂಕಣದ ಮನೆಗಳವರು ಏನು ಮಾಡಬೇಕು? ಜಗಲಿಯಿದೆ. ಮಂದ ಬೆಳಕಿನಲ್ಲಿ ಕೂತು ಬಿತ್ತನೆಯ ಕಡಲೆಕಾಯಿ ಸುಲಿಯಬಹುದು, ದೇವರ ನಾಮ ನೆನೆಯಬಹುದು. ಕೈಯಲ್ಲಿ ಫೋನು ಮಾತ್ರ ಇರಕೂಡದು. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುವುದು ಇನ್ನೂ ಉತ್ತಮ.

ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಇನ್ನೊಂದು ಉಪಾಯ ಲೆಕ್ಕದ ಮೇಷ್ಟ್ರುಗಳಿಗೆ ಮೆಚ್ಚುಗೆಯಾಗುವಂಥದು. ಒಂದೆರಡು ವಾರ ಪ್ರತಿದಿನ ಬೆಳಿಗ್ಗೆ, ಮಲಗಿದ ಹೊತ್ತು, ನಿದ್ದೆ ಹತ್ತಿತೆಂದು ತೋರಿದ ಹೊತ್ತು, ಎಚ್ಚರವಾದದ್ದು, ಎದ್ದದ್ದು ಇವನ್ನು ಅಂದಾಜಿನಿಂದ ಬರೆದಿಡಬೇಕು. ಮೇಲೆ ಹೇಳಿದ ಯಜಮಾನರು ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ 540 ನಿಮಿಷ ಹಾಸಿಗೆಯಲ್ಲಿದ್ದು, 330 ನಿಮಿಷ ಮಲಗಿದರೆಂದು ಇಟ್ಟುಕೊಳ್ಳೋಣ. ಶೇಕಡ 61. ನಮ್ಮ ಪರೀಕ್ಷೆಗಳಲ್ಲಿ ಇದು ಪ್ರಥಮ ದರ್ಜೆ. ಈ ಪರೀಕ್ಷೆಯಲ್ಲಿ ನಪಾಸು. ಇಲ್ಲಿ ಪಾಸಾಗಲು 85 ಬೇಕು. ನಿದ್ದೆ ಐದೂವರೆ ಗಂಟೆಯಾದರೆ ಹಾಸಿಗೆಯೂ ಐದೂವರೆ ಗಂಟೆಯೇ ಇರಲಿ. ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳಲಿ. ಮೊದಲ ವಾರ ಕಷ್ಟ. ಹಗಲೆಲ್ಲ ಮಂಪರು. ಆದರೆ ಆ ಮಂಪರೇ ಮೆಲ್ಲಗೆ ತುಂಡುನಿದ್ದೆಯನ್ನು ಹೊಲಿದು ಒಂದು ಮಾಡುತ್ತದೆ. 85 ದಾಟಿದ ಮೇಲೆ ಮಲಗುವ ಹೊತ್ತನ್ನು ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ಸರಿಸುತ್ತ ಬರಬೇಕು. ಐದು ಗಂಟೆಗಿಂತ ಕೆಳಗೆ ಯಾರೂ ಇಳಿಯಬಾರದು. ಲಾರಿ, ಬಸ್ಸು ಓಡಿಸುವವರು, ಮೂರ್ಛೆರೋಗವಿರುವವರು, ಮನೋರೋಗಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಲೇಬಾರದು. ಇದು ಅಜ್ಜಿಮದ್ದಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಬಗೆಯ ಅಭ್ಯಾಸಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿದೆ.

ಎಂಟು ಗಂಟೆ ನಿದ್ದೆಯಾಗಲೇಬೇಕೆಂಬ ಹಟವೂ ನಿದ್ದೆಯ ಒಂದು ಶತ್ರು. ಟಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ತ್ಸಿಮಾನೆ ಎಂಬ ವಿದ್ಯುತ್ತಿಲ್ಲದೆ ಬಾಳುವ ಜನಗಳ ನಿದ್ದೆಯನ್ನು ಅಳೆದ ಸಂಶೋಧನೆಯೊಂದು 2015ರಲ್ಲಿ ಪ್ರಕಟವಾಯಿತು. ಟೀವಿಯಿಲ್ಲ, ಪಾಳಿಯಿಲ್ಲ, ಆದರೂ ಅವರ ನಿದ್ದೆ ದಿನಕ್ಕೆ ಆರೂವರೆ ಗಂಟೆಯ ಆಸುಪಾಸು. ನಿದ್ರಾಹೀನತೆಯ ದೂರು ಅವರಲ್ಲಿ ಬಹಳ ವಿರಳ. ಸಾನ್ ಮತ್ತು ತ್ಸಿಮಾನೆ ಭಾಷೆಗಳಲ್ಲಿ ಅದಕ್ಕೆ ಒಂದು ಪದವೇ ಇಲ್ಲವಂತೆ! ನಿದ್ದೆಯೆಂಬುದು ಸುಮಾರು ಒಂದೂವರೆ ಗಂಟೆಗೊಂದರಂತೆ ಏಳುವ ಇಳಿಯುವ ಅಲೆಗಳ ಸಾಲು. ಅಲೆಯ ಅಂಚಿನಲ್ಲಿ ಒಂದೆರಡು ಸಲ ಎಚ್ಚರವಾಗುವುದು ಯಾರಿಗೂ ಸಹಜ. ವಯಸ್ಸಾದಂತೆ ಗಾಢನಿದ್ದೆಯ ಪಾಲು ಇಳಿಯುವುದೂ ಸಹಜ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ದೆಯ ಸಂಶೋಧನೆಗೆಂದೇ ಒಂದು ಪ್ರಯೋಗಾಲಯವಿದೆ. ಅಲ್ಲಿಯವರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಹುಕಾಲ ವಿಪಶ್ಯನ ಧ್ಯಾನ ಮಾಡಿದ ನಡುವಯಸ್ಸಿನವರಲ್ಲಿ ಗಾಢನಿದ್ದೆ ಕುಗ್ಗದೆ ಉಳಿದಿದ್ದು ಕಂಡುಬಂದಿತು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದವರು 2005ರಲ್ಲಿ ವರದಿ ಮಾಡಿದಂತೆ, ವೃದ್ಧಾಶ್ರಮದಲ್ಲಿ ಆರು ತಿಂಗಳು ಯೋಗಾಭ್ಯಾಸ ಮಾಡಿದವರು ತಮ್ಮ ನಿದ್ದೆ ಸರಾಸರಿ ಒಂದು ಗಂಟೆ ಹೆಚ್ಚಿತೆಂದು ಹೇಳಿದರು. ಅವರೇ ಹೇಳಿಕೊಂಡ ಲೆಕ್ಕವದು, ಯಂತ್ರದಿಂದ ಅಳೆದುದಲ್ಲ, ಆದರೂ ತೆಗೆದುಹಾಕುವಂಥದಲ್ಲ.

ಕಾಫಿ, ಟೀ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಸಂಜೆ ಐದಕ್ಕೆ ಕುಡಿದ ಕಾಫಿಯ ಸತ್ವದಲ್ಲಿ ಸುಮಾರು ಅರ್ಧಪಾಲು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಮದ್ಯ ಬೇಗ ಮಲಗಿಸುತ್ತದೆ, ಅರ್ಧರಾತ್ರಿಗೆ ಎಬ್ಬಿಸುತ್ತದೆ.

ಇನ್ನು ಮಾತ್ರೆಯ ವಿಚಾರ. ನನಗೆ ಹೆಚ್ಚು ಕಳವಳ ತಂದಿರುವುದು ಇದೇ. ಆ ಯಜಮಾನರು ಓದಿ ಹೇಳೆಂದು ನನ್ನ ಕೈಗೆ ಕೊಟ್ಟ ಪಟ್ಟಿಯ ಮೇಲೆ ‘ಅಲ್ಪ್ರಜೋಲಮ್’ ಎಂದಿತ್ತು. ಯಾರೋ ನೆಂಟರು ಹೇಳಿದರೆಂದು ಅರ್ಧ ಮಾತ್ರೆಯಿಂದ ಆರಂಭಿಸಿ, ಎರಡು ವರ್ಷಗಳಲ್ಲಿ ಎರಡು ಮಾತ್ರೆಗೆ ಬಂದಿದ್ದರು. ರಾತ್ರಿ ಎದ್ದಾಗ ಬಚ್ಚಲಲ್ಲಿ ಬಿದ್ದು ಮುಂಗೈ ಮುರಿದುಕೊಂಡದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು. ಈ ಜಾತಿಯ ಮಾತ್ರೆಗಳು ವೃದ್ಧರಲ್ಲಿ ಬೀಳುವಿಕೆಗೂ ನೆನಪಿನ ಮಬ್ಬಿಗೂ ಕಾರಣವಾಗುತ್ತವೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚಿಯಿಂದ ಅಲ್ಪ್ರಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಮೊದಲಾದವು ‘ಎಚ್1’ ಎಂಬ ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಪಟ್ಟಿಯ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆಯಿರುತ್ತದೆ. ಆದರೆ ಅದು ಇಂಗ್ಲಿಷಿನಲ್ಲಿದೆ.

ಇಂತಹ ಮಾತ್ರೆಯನ್ನು ತೆಗೆದುಕೊಳ್ಳುವುದಕ್ಕಿಂತ ಥಟ್ಟನೆ ಬಿಡುವುದು ಇನ್ನೂ ಅಪಾಯಕರ. ತೆಲಂಗಾಣದಲ್ಲಿ ಇದಕ್ಕೆ ನಿದರ್ಶನ ದೊರೆಯಿತು. ಅಲ್ಲಿ ಕಳ್ಳಿಗೆ ಇದೇ ಪುಡಿಗಳನ್ನು ಬೆರೆಸುವ ದುರಭ್ಯಾಸವಿತ್ತು. 2015ರಲ್ಲಿ ಸರ್ಕಾರ ಬಿಗಿ ಮಾಡಿದಾಗ, ನಿಜಾಮಾಬಾದ್ ಮುಂತಾದ ಕಡೆ ಕುಡಿಯುವುದು ಒಮ್ಮೆಲೇ ತಪ್ಪಿದ ಜನ ನಡುಕ, ಭ್ರಮೆ, ಫಿಟ್ಸ್‌ಗಳಿಂದ ಆಸ್ಪತ್ರೆ ಸೇರಿದರು. ತಾವು ಕುಡಿಯುತ್ತಿದ್ದುದರಲ್ಲಿ ಔಷಧವಿತ್ತೆಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಆದ್ದರಿಂದ ಈ ಲೇಖನ ಓದಿ ಇಂದು ರಾತ್ರಿಯೇ ಮಾತ್ರೆಯನ್ನು ಬಚ್ಚಲಿಗೆ ಎಸೆಯುವ ಶೌರ್ಯವನ್ನು ಯಾರೂ ತೋರಬಾರದು. ವೈದ್ಯರ ಬಳಿ ಹೋಗಿ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರಬೇಕು. ನಮ್ಮ ಯಜಮಾನರು ವೈದ್ಯರ ಮಾತಿನಂತೆ ಮಾತ್ರೆ ಇಳಿಸುತ್ತ, ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಕೂರುವುದನ್ನು ರೂಢಿಸಿಕೊಂಡಿದ್ದಾರೆ. ಮೊದಲ ವಾರ ನನ್ನನ್ನು ಬೈದರು. ಐದನೆಯ ತಿಂಗಳಿನಲ್ಲಿ ಕಾಲು ಮಾತ್ರೆಗೆ ಬಂದರು. ಒಂದು ಗಂಟೆಗೆ ಎಚ್ಚರವಾಗುವುದು ಇನ್ನೂ ಇದೆಯಂತೆ. ಗಡಿಯಾರ ನೋಡುವುದು ಬಿಟ್ಟಿದ್ದಾರೆ.

ಕೆಲವು ಸಂದರ್ಭಗಳಲ್ಲಿ ಯಾವ ಅಭ್ಯಾಸವೂ ಫಲಿಸದು. ಮೂಲದಲ್ಲಿರುವ ರೋಗವನ್ನೇ ನೋಡಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುವವರು, ಎಷ್ಟು ಮಲಗಿದರೂ ಹಗಲು ತೂಕಡಿಸುವವರು ನಿದ್ದೆಯಲ್ಲಿ ಉಸಿರು ನಿಲ್ಲುವ ರೋಗಕ್ಕೆ ಗುರಿಯಾಗಿರಬಹುದು. ರಕ್ತದೊತ್ತಡವನ್ನು ಏರಿಸುವ ಈ ರೋಗದಲ್ಲಿ ನಿದ್ದೆಮಾತ್ರೆ ಕೇಡನ್ನೇ ತರುತ್ತದೆ. ಗೊರಕೆಯನ್ನು ಸುಖನಿದ್ದೆಯ ಗುರುತೆಂದು ನಾವು ಹೊಗಳುವುದು ತಪ್ಪು. ಮಲಗಿದಾಗ ಕಾಲೊಳಗೆ ಏನೋ ಹರಿದಾಡಿದಂತಾಗಿ ಆಡಿಸದೆ ಇರಲಾರದ ಹೆಂಗಸರಿಗೆ ಕಬ್ಬಿಣದ ಕೊರತೆ ಇರಬಹುದು. ಒಂದು ರಕ್ತಪರೀಕ್ಷೆ ಸಾಕು. ಸಕ್ಕರೆ ಕಾಯಿಲೆಯಿಂದಲೋ, ಸಂಜೆ ನುಂಗಿದ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ ರಾತ್ರಿ ನಾಲ್ಕು ಸಲ ಏಳುವವರು ಆ ವಿಷಯವನ್ನು ವೈದ್ಯರಿಗೆ ಹೇಳಲು ಸಂಕೋಚಪಡಬಾರದು. ಮುಂಜಾವ ಮೂರಕ್ಕೆ ಎಚ್ಚರವಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನ್ನಿಸುವವರಿಗೆ ನಿದ್ದೆಯ ಕೊರತೆ ರೋಗವಲ್ಲ, ರೋಗದ ಒಂದು ಲಕ್ಷಣ. ಇಂತಹವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416. ಕನ್ನಡದಲ್ಲೂ ಮಾತನಾಡಬಹುದು, ತೆಲುಗಿನಲ್ಲೂ ಮಾತನಾಡಬಹುದು. ರಾತ್ರಿ ಒಂದು ಗಂಟೆಗೂ ಅಲ್ಲಿ ಉತ್ತರಿಸುವವರು ಎಚ್ಚರವಾಗಿರುತ್ತಾರೆ.